ಕ್ವಾಲ್ಕುನೊ, ನೆಸ್ಸುನೊ ಮತ್ತು ಪಾಸ್ಕು

ಮಧ್ಯಾಹ್ನ ಎರಡರಿಂದ ಮೂರರ ತನಕ ಅಡುಗೆಮನೆಗೆ ಯಾರೂ ಕಾಲಿಡಬಾರದು. ಘಟ್ಟದ ಕೆಳಗಿನ ಒಂದು ಊರಿನಲ್ಲಿದ್ದ ಇಟಲಿ ಸಿಸ್ಟರುಗಳ ಕಾನ್ವೆಂಟಿನ ನಿಯಮ ಇದು. ಮುರಿಯದವರಿಲ್ಲ. ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ಬಿಸ್ಕತ್ತು. ನಿಯಮ ಮಾಡಿದ ಮದರ್ ಕೂಡ ಒಮ್ಮೆ ಬೆಲ್ಲದ ಡಬ್ಬಿಯ ಹತ್ತಿರ ಸಿಕ್ಕಿಬಿದ್ದಿದ್ದರು.

ಅಲ್ಲಿಗೆ ಅಡುಗೆಗೆ ಸೇರಿದವನು ಪಾಸ್ಕು. ವಯಸ್ಸು ಮೂವತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಒಂದು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಖಾಯಂ ಆದರೆ ತಾಯಿ ಲೊರ್ಸಾಬಾಯಿ ಮಂದಿಯ ಬಟ್ಟೆ ಒಗೆಯುವುದನ್ನು ಬಿಡಬಹುದಿತ್ತು. ಹಿಂದೆ ಕಾನ್ವೆಂಟಿನಲ್ಲೇ ದುಡಿದಿದ್ದ ಅವಳಿಗೆ ಇಟಾಲಿಯನ್ ಅಷ್ಟಿಷ್ಟು ಬರುತ್ತಿತ್ತು.

ಮೊದಲ ದಿನ ಅಡುಗೆ ನೋಡಿಕೊಳ್ಳುವ ಸಿಸ್ಟರ್ "ಕ್ವಾಲ್ಕೆ ಉವೋವೊ" ಅಂದರು. ಉವೋವೊ ಅಂದರೆ ಮೊಟ್ಟೆ. ಹದಿನಾಲ್ಕು ಜನರ ಊಟಕ್ಕೆ ಪಾಸ್ಕು ಒಂದು ಮೊಟ್ಟೆ ತಂದ.

"ಥೂ ಮಂಕೇ," ಎಂದಳು ತಾಯಿ. "ಕ್ವಾಲ್ಕೆ ಅಂದರೆ ಕೆಲವು. ಅವರು ಹೇಳುವುದು ಒಂದರ ಹಾಗೆ, ಬೇಕಾಗುವುದು ಹತ್ತಾರು. ಒಂದಕ್ಕೆ ನಿಲ್ಲಬೇಡ."

"ಆಯ್ತಮ್ಮಾ."

ಮರುದಿನ ಸಿಸ್ಟರಿಗೆ ತಲೆಸುತ್ತು. "ಕ್ವಾಲ್ಕುನೊ," ಎನ್ನುತ್ತ ಕುರ್ಚಿಗೆ ಕುಸಿದರು. ಪಾಸ್ಕು ಒಂದಕ್ಕೆ ನಿಲ್ಲಲಿಲ್ಲ. ರಸ್ತೆಗೆ ಓಡಿ ಒಂದು ಬಸ್ಸಿನ ಜನರನ್ನೆಲ್ಲ ಇಳಿಸಿಕೊಂಡು ಬಂದ, ಕಂಡಕ್ಟರನೂ ಸೇರಿ.

"ಕ್ವಾಲ್ಕುನೊ ಅಂದರೆ ಯಾರಾದರೂ ಒಬ್ಬರು ಕಣೋ," ಎಂದಳು ತಾಯಿ. "ಒಬ್ಬರೇ."

"ಯಾರಾದರೂ ಆಗುತ್ತದಾ?"

"ಆಗುತ್ತದೆ."

ಭಾನುವಾರ ಪೂಜೆಗೆ ಪಾದ್ರಿ ಬರಲಿಲ್ಲ. "ಕ್ವಾಲ್ಕುನೊ," ಎಂದರು ಮದರ್. ಪಾಸ್ಕು ಗೇಟಿನಲ್ಲಿ ಸಿಕ್ಕ ಮೀನು ಮಾರುವವನನ್ನು ಬುಟ್ಟಿ ಸಮೇತ ಪೀಠದ ಮುಂದೆ ನಿಲ್ಲಿಸಿದ.

ತಾಯಿ ಹಣೆ ಹಣೆ ಚಚ್ಚಿಕೊಂಡಳು. "ಇನ್ನು ನೀನು ಯಾರನ್ನೂ ತರಬೇಡ. ಮಧ್ಯಾಹ್ನದ ನಿಯಮ ಇದೆಯಲ್ಲ, ನೆಸ್ಸುನೊ? ನೆಸ್ಸುನೊ ಅಂದರೆ ಯಾರೂ ಇಲ್ಲ. ಯಾರೂ ಅಂದರೆ ಯಾರೂ ಅಡುಗೆಮನೆಗೆ ಹೋಗಕೂಡದು. ಅದೊಂದನ್ನು ನೆಟ್ಟಗೆ ಪಾಲಿಸು."

ತಿಂಗಳ ಕೊನೆಗೆ ರೋಮಿನಿಂದ ದೊಡ್ಡ ಮದರ್ ಬಂದರು. ಅವರು ಒಪ್ಪಿದರೆ ಕೆಲಸ ಖಾಯಂ. ಊಟ ಮೂರಕ್ಕೆ. ಒಲೆಯ ಮೇಲೆ ಕೋಳಿ ಬೇಯುತ್ತಿತ್ತು. ಎರಡು ಹೊಡೆಯಿತು. ಪಾಸ್ಕು ಹೊರಬಂದು ಬೀಗ ಹಾಕಿ ಬಾಗಿಲ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ಸಂದಿಯಿಂದ ಹೊಗೆ ಬಂತು.

"ಬಾಗಿಲು ತೆಗೆ, ಪಾಸ್ಕು," ಎಂದರು ಮದರ್.

"ನೆಸ್ಸುನೊ, ಮದರ್."

"ನಾನು ಬೇಡ ಮಾರಾಯ, ನೀನೇ ಹೋಗಿ ಒಲೆ ಆರಿಸು."

"ಯಾರೂ ಅಂದಮೇಲೆ ಅದರಲ್ಲಿ ನಾನೂ ಬಂದೆನಲ್ಲ."

ಲೊರ್ಸಾಬಾಯಿ ಸೋಪಿನ ಕೈಯಲ್ಲೇ ಓಡಿ ಬಂದಳು. "ಕೀಲಿ ಕೊಡು ಮಗನೇ. ಕೆಲಸ ಹೋಗುತ್ತದೆ."

"ನೀನೇ ಹೇಳಿದ್ದಲ್ಲವಾ ಅಮ್ಮಾ."

ದೊಡ್ಡ ಮದರ್ ಕೀಲಿಗೆ ಕೈ ಚಾಚಿದರು. ಪಾಸ್ಕು ಎದ್ದ. ಬಾವಿಕಟ್ಟೆಗೆ ಹೋಗಿ ಕೀಲಿಯನ್ನು ಒಳಗೆ ಬಿಟ್ಟ. ಹಿಂದಿರುಗಿ ಬಂದು ಬಾಗಿಲ ಮುಂದೆ ಕೂತ.