ಅಗೆಯದೆ ಬಿಟ್ಟ ಗೆಣಸು

ಕಾಡಿನ ನಡುವೆ ಒಂದು ಸೋಲಿಗರ ಪೋಡು, ಕೆಲವೇ ಗುಡಿಸಲುಗಳ ಹಾಡಿ. ಅಲ್ಲಿ ಕೇತ ತಾತನೇ ಪೂಜಾರಿ, ಕೇಳಿ ಬಂದವರಿಗೆ ಗುರುವೂ ಅವನೇ. ಅವನ ಬಳಿ ಕಲಿಯುತ್ತಿದ್ದ ಬೊಮ್ಮಿಗೆ ಜನಸೇವೆಯೆಂದರೆ ಪ್ರಾಣ. ಪ್ರಶ್ನೆ ಕೇಳುವುದೆಂದರೆ ಇನ್ನೂ ಹೆಚ್ಚು ಪ್ರಾಣ.

ಒಂದು ಬೆಳಿಗ್ಗೆ ಅವಳು ತಾತನ ಎದುರು ಬಂದು ಕುಕ್ಕರಿಸಿದಳು.

"ತಾತ, ಜಡೆಯಮ್ಮಜ್ಜಿ ಊಟ ಬಿಟ್ಟವಳೆ. ಮಾತೂ ಇಲ್ಲ. ಹಿಂಗೇ ಆದ್ರೆ ಉಳಿಯಾಕಿಲ್ಲ."

"ಊಟ ಯಾರು ಕೊಡ್ತಾರೆ?"

"ನಾನೇ. ವಯಸ್ಸಾಯ್ತು, ಕಾಡಿಗೆ ಹೋಗಬ್ಯಾಡ ಅಂತ ಎರಡು ಮಳೆಗಾಲದ ಹಿಂದೇನೇ ಅಂದೆ. ಅವಳು ಕಾಡುಗೆಣಸು ಅಗೆಯೋ ಜಾಗಾನೂ ಯಾರೂ ಮುಟ್ಟಬ್ಯಾಡಿ, ಕಾಡು ಚೇತರಿಸ್ಕೊಳ್ಳಲಿ ಅಂದೆ. ದಿನಾ ಬಿಸಿಬಿಸಿ ಗಂಜಿ ಒಯ್ತೀನಿ. ನಾನೇನು ಕಮ್ಮಿ ಮಾಡಿದೆ?"

ತಾತ ಎದ್ದು ಅಗೆಯುವ ಕೋಲು ಹೆಗಲಿಗೇರಿಸಿದ.

"ಅವಳ ಹಂಗೇ ಸೊರಗಿದೋರು ಇನ್ನೊಬ್ರು ಅವ್ರೆ. ನೋಡ್ಕೊಂಡು ಬರಾನ, ಬಾ."

"ಅವರಿಗೂ ಗಂಜಿ ತರ್ಲಾ?"

"ಬ್ಯಾಡ. ಕೋಲು ಸಾಕು."

ತಾತ ಹೋಗಿ ನಿಂತದ್ದು ಜಡೆಯಮ್ಮ ಅಗೆಯುತ್ತಿದ್ದ ಇಳಿಜಾರಿನಲ್ಲಿ. ಅಲ್ಲಿ ಯಾರೂ ಇರಲಿಲ್ಲ. ಲಂಟಾನದ ಮುಳ್ಳುಪೊದೆ ಮಾತ್ರ ಆಳೆತ್ತರ ಬೆಳೆದಿತ್ತು. ಬೊಮ್ಮಿ ಮುಳ್ಳು ಸರಿಸಿ ಸರಿಸಿ ಹುಡುಕಿದಳು. ಗೆಣಸಿನ ಬಳ್ಳಿ ಒಂದೂ ಸಿಗಲಿಲ್ಲ. ಅವಳಿಗೆ ಅಳು ಬಂತು.

"ಯಾರೂ ಕೈ ಹಾಕಿಲ್ವಲ್ಲ ತಾತ. ಎಲ್ಲಿ ಹೋಯ್ತು?"

ತಾತ ಅವಳನ್ನು ಕರೆದುಕೊಂಡು ಹಳ್ಳ ದಾಟಿದ. ಆಚೆ ದಿಬ್ಬದಲ್ಲಿ ಪೋಡಿನವರು ಈಗಲೂ ಅಗೆಯುತ್ತಾರೆ. ಅಲ್ಲಿ ಮರಮರಕ್ಕೂ ಗೆಣಸಿನ ಬಳ್ಳಿ ಹಬ್ಬಿತ್ತು.

ಬೊಮ್ಮಿ ಅಳು ಮರೆತಳು. "ಇದೇನು ತಾತ! ಕಿತ್ತು ತಿನ್ನೋ ಕಡೆ ಇಷ್ಟೊಂದು, ಬಿಟ್ಟ ಕಡೆ ಒಂದೂ ಇಲ್ಲ!"

ತಾತ ಕುಳಿತು ಅಗೆದ. ಗೆಣಸನ್ನು ಮುರಿದು ಅವಳ ಮಡಿಲಿಗೆ ಹಾಕಿದ. ಬಳ್ಳಿ ಹತ್ತಿದ ತಲೆಭಾಗವನ್ನು ಮಾತ್ರ ತಿರುಗಿ ಗುಂಡಿಯಲ್ಲಿಟ್ಟು, ಸಡಿಲವಾದ ಮಣ್ಣು ಮುಚ್ಚಿದ. ಆಮೇಲೆ ಸುತ್ತ ತಲೆಯೆತ್ತಿದ್ದ ಲಂಟಾನ ಸಸಿಗಳನ್ನು ಒಂದೊಂದಾಗಿ ಕಿತ್ತೆಸೆದ.

"ಮಳೆ ಬಂದ್ರೆ ಇದು ಮತ್ತೆ ಚಿಗುರ್ತದಾ?"

"ಚಿಗುರ್ತದೆ. ಅಗೆಯೋರೂ ಬಂದ್ರೆ."

ಬೊಮ್ಮಿ ಗುಂಡಿ ಮುಚ್ಚಿದ ಜಾಗವನ್ನು ಅಂಗೈಯಿಂದ ಸವರಿದಳು. ಜಡೆಯಮ್ಮನ ಮುಖ ನೆನಪಾಯಿತು.

"ಹಂಗಾದ್ರೆ ನಾಳೆ ಅಜ್ಜಿಗೆ ಏನು ಒಯ್ಯಲಿ ತಾತ? ಗಂಜಿನಾ, ಗೆಣಸಾ?"

"ಬರಿಗೈಲಿ ಹೋಗು ಮಗ. 'ಹಸಿವಾಯ್ತದೆ ಅಜ್ಜಿ' ಅನ್ನು."