ಹಗ್ಗ ಹಿಡಿದವನು

ಜೊತೆಯವನೊಡನೆ ಮನಸ್ತಾಪ ಮಾಡಿಕೊಂಡ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ನಾನು ಇದ್ದ ಹಾಗೆಯೇ ಇದ್ದೇನೆ. ಮುಖ ತಿರುಗಿಸಿಕೊಂಡವನು ನನ್ನ ಗೆಳೆಯ. ಅವನ ಬಳಿಗೆ ನಾನೇಕೆ ಹೋಗಬೇಕು?”

ಗುರುಗಳು ಒಂದು ಕತೆ ಹೇಳಿದರು.

ಬಂಡೆಯ ಜೇನು ಕೀಳುವವನೊಬ್ಬನಿದ್ದ. ಬಂಡೆಯ ನೆತ್ತಿಯಿಂದ ಹಗ್ಗ ಕಟ್ಟಿಕೊಂಡು ಇಳಿಯುವ ಕೆಲಸ. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕೆಂಬುದು ಅವರ ಕಟ್ಟಳೆ. ಅಕ್ಕನ ತಾಳಿ ಕಾಯಬೇಕಾದವನು ಕೈಬಿಡುತ್ತಾನೆಯೇ?

ಒಮ್ಮೆ ಅವನಿಗೆ ಕೆಟ್ಟ ಜ್ವರ ಬಂದು ಹೋಯಿತು. ಅದಾದ ಮೇಲೆ ಬಂಡೆ ಇಳಿದಾಗ, ಜೇನು ಎಬ್ಬಿಸಲು ಹಾಕಿದ ಹೊಗೆಗೆ ಕಣ್ಣು ಮುಚ್ಚಿದ್ದೇ ತಡ, ಹಗ್ಗ ತನ್ನನ್ನು ಎಡಕ್ಕೆ ಎಳೆದಂತಾಯಿತು. ಜೀವ ಬಾಯಿಗೆ ಬಂತು. ಮೇಲೆ ಬಂದವನೇ, “ನನ್ನನ್ನು ಕೊಲ್ಲಬೇಕು ಅಂತಿದ್ದೀಯಾ?” ಎಂದು ಭಾವಮೈದುನನ ಮೇಲೆ ಹರಿಹಾಯ್ದ. ಭಾವಮೈದುನ ಹಗ್ಗ ಕೆಳಗಿಟ್ಟು ಹೊರಟುಹೋದ.

ಹೆಂಡತಿ ಅತ್ತಳು. ಆದರೆ ಮುಖ ತೊಳೆಯುವಾಗ ಗಂಡ ತೂರಾಡುವುದನ್ನು ಅವಳು ಕಂಡಿದ್ದಳು. ಹಟ ಹಿಡಿದು ಅವನನ್ನು ವೈದ್ಯರ ಬಳಿಗೆ ಅಟ್ಟಿದಳು.

ವೈದ್ಯರು ಅವನನ್ನು ಎದುರಿಗೆ ನಿಲ್ಲಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ನಿಂತಲ್ಲೇ ಹೆಜ್ಜೆ ಹಾಕಲು ಹೇಳಿದರು. ಅವನು ಹಾಕಿದ. ತಾನು ಒಂದಿಷ್ಟೂ ತಿರುಗಿಲ್ಲವೆಂದು ಅವನಿಗೆ ಖಾತ್ರಿಯಿತ್ತು. ಬಟ್ಟೆ ಬಿಚ್ಚಿದರೆ ಎದುರಿಗೆ ಗೋಡೆ.

“ಎಲ್ಲಿಗೆ ಎದ್ದು ಹೋದಿರಿ ಸ್ವಾಮಿ?”

“ಕೂತಲ್ಲೇ ಇದ್ದೇನಪ್ಪ,” ಎಂದು ವೈದ್ಯರ ದನಿ ಬಲಗಡೆಯಿಂದ ಬಂತು.

ಆಮೇಲೆ ಅವರು ಒಂದೊಂದೇ ಕಿವಿಗೆ ಬೆಚ್ಚನೆಯ ನೀರು ಬಿಟ್ಟರು. ಬಲಗಿವಿಗೆ ಬಿಟ್ಟಾಗ ತಲೆ ಗಿರ್ರನೆ ತಿರುಗಿತು. ಎಡಗಿವಿಗೆ ಬಿಟ್ಟಾಗ ಏನೂ ಆಗಲಿಲ್ಲ. ಅದೊಂದಾದರೂ ಸರಿಯಿದೆಯಲ್ಲ ಎಂದು ಅವನು ನಿಟ್ಟುಸಿರು ಬಿಟ್ಟ.

“ನೀರು ಬಿಟ್ಟರೆ ತಲೆ ತಿರುಗಬೇಕು,” ಎಂದರು ವೈದ್ಯರು. “ತಿರುಗದ ಕಿವಿಯೇ ಜ್ವರದಲ್ಲಿ ಕೆಟ್ಟಿರುವುದು. ಮೈಯ ಸಮತೋಲ ಕಾಯುವ ಅದರ ಕೆಲಸವನ್ನು ಇಷ್ಟು ದಿನ ನಿನ್ನ ಕಣ್ಣು ಮಾಡುತ್ತಿತ್ತು. ಕಣ್ಣು ಮುಚ್ಚಿದರೆ ನಿನಗೇ ತಿಳಿಯದೆ ಎಡಕ್ಕೆ ತಿರುಗುತ್ತೀಯ. ಕಣ್ಣು ತೆರೆದು ನೆಲದ ಮೇಲೆ ನಿಲ್ಲು, ಭಯವಿಲ್ಲ. ಬಂಡೆ ಮಾತ್ರ ಇಳಿಯಬೇಡ.”

ಅವನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಭಾವಮೈದುನನ ಮನೆಗೆ ಹೋದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಎಳೆದವನು ನೀನಲ್ಲ, ತಿರುಗಿದವನು ನಾನೇ. ಇನ್ನು ನೀನು ಇಳಿ. ಹಗ್ಗ ಹಿಡಿಯಲು ನನ್ನನ್ನು ನಂಬುತ್ತೀಯಾ?” ಎಂದ.

ಭಾವಮೈದುನ ಅವನ ಹೆಗಲ ಮೇಲಿನ ಹಗ್ಗ ಇಳಿಸಿಕೊಂಡ. ಅದರ ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು, “ಹಿಡ್ಕೋ ಭಾವ,” ಎಂದು ಇನ್ನೊಂದನ್ನು ಅವನ ಕೈಗಿತ್ತ.

ಕತೆ ಮುಗಿಸಿದ ಗುರುಗಳು ಶಿಷ್ಯನತ್ತ ನೋಡಿದರು.

“ಗೆಳೆಯ ಮುಖ ತಿರುಗಿಸಿದಾಗ ನಿನ್ನ ಕಣ್ಣು ತೆರೆದಿತ್ತೇನಪ್ಪ?”

ಶಿಷ್ಯ ಎದ್ದು ಗೆಳೆಯನ ಬಳಿಗೆ ಹೊರಟ.