ಭರ್ಜಿಹುಣಸೆ

ಕೆಂಚಗೊಂಡನಹಟ್ಟಿಯ ಕೆರೆ ಏರಿಯ ಮೇಲೆ ಒಂದು ಮುದಿ ಹುಣಸೆಮರವಿದೆ. ಅದರ ಪೊಟರೆಯಿಂದ ಗೇಣುದ್ದದ ಕಬ್ಬಿಣದ ಅಲಗೊಂದು ಇಣುಕುತ್ತದೆ. ಮಿಕ್ಕದ್ದನ್ನು ಮರ ನುಂಗಿಕೊಂಡಿದೆ. ಪೇಟೆಯಿಂದ ಬಂದ ಜಾಣರು ಅದು ನೇಗಿಲ ಗುಳವೆಂದು ವಾದಿಸುವುದುಂಟು. ವಾದಿಸಲಿ, ಯಾರು ಬೇಡವೆಂದರು! ಊರವರು ಮಾತ್ರ ಆ ಮರವನ್ನು ಭರ್ಜಿಹುಣಸೆ ಎನ್ನುತ್ತಾರೆ. ಆ ಮರದ ಹಣ್ಣನ್ನು ಯಾರೂ ಬಡಿಯುವುದಿಲ್ಲ, ಉದುರಿದ್ದನ್ನಷ್ಟೇ ಆಯ್ದುಕೊಳ್ಳುತ್ತಾರೆ.

ಹಿಂದೆ ಒಮ್ಮೆ, ಕುಂಪಣಿ ಸರ್ಕಾರದ ಕಾಲದಲ್ಲಿ, ಬಿಳಿಯರ ಕುದುರೆಪಡೆಯೊಂದು ಈ ಕೆರೆಯ ಬಳಿ ಬೀಡುಬಿಟ್ಟಿತಂತೆ. ಒಬ್ಬೊಬ್ಬ ಸವಾರನ ಕೈಯಲ್ಲೂ ಒಂದೂವರೆ ಆಳುದ್ದದ ಬಿದಿರ ಭರ್ಜಿ, ಅದರ ತುದಿಯಲ್ಲಿ ಕೆಂಪು-ಬಿಳಿಯ ಪುಟ್ಟ ಬಾವುಟ. ಕುದುರೆಗಳು ನೀರು ಕುಡಿಯುವಾಗ ಭರ್ಜಿಗಳನ್ನು ದಡದಲ್ಲಿ ಸಾಲಾಗಿ ನೆಡುವುದು ಅವರ ಪದ್ಧತಿ. ಪಡೆ ಮುಂದಕ್ಕೆ ಹೊರಟಾಗ, ಜ್ವರ ಬಂದು ಡೋಲಿಯಲ್ಲಿ ಹೋದ ಸವಾರನೊಬ್ಬನ ಭರ್ಜಿ ಅಲ್ಲೇ ಉಳಿಯಿತು. ಬೆಳಿಗ್ಗೆ ನೀರಿಗೆ ಬಂದ ಬೊಮ್ಮಕ್ಕ ಅದನ್ನು ಕಂಡಳು. ಅವಳ ಹುಣಸೆ ಬಡಿಯುವ ಗಳ ಆಗಷ್ಟೇ ಮುರಿದಿತ್ತು. ಕೆರೆಯೇ ದಡಕ್ಕೆ ತಂದಿಟ್ಟದ್ದು ಮೊದಲು ಕಂಡವರಿಗೆ ಸೇರಿದ್ದು ಎಂಬುದು ಊರಿನ ವಾಡಿಕೆ. ಕೆರೆಯಮ್ಮನಿಗೆ ಕೈಮುಗಿದು, ರಾಜಾರೋಷವಾಗಿ ಹೊತ್ತು ತಂದಳು. ಬಾವುಟ ಬಿಚ್ಚಿ ಹಸುಗೂಸಿಗೆ ಕುಲಾವಿ ಹೊಲಿದಳು. ಎಂಥ ಚೆಂದದ ಕುಲಾವಿ! ಹಣ್ಣು ಬಡಿದು, ಭರ್ಜಿಯನ್ನು ಮರದ ಕವಲಿನಲ್ಲೇ ಸಿಕ್ಕಿಸಿ ಬಂದಳು.

ಮರುದಿನ ಸವಾರರು ಆ ಭರ್ಜಿಯನ್ನು ಹುಡುಕಿಕೊಂಡು ತಿರುಗಿ ಬಂದರು. ಊರನ್ನೆಲ್ಲ ಬಯಲಿಗೆ ಕರೆಸಿ, ದಡದಲ್ಲಿ ಕುದುರೆಗಳಿಗೆ ಹುಲ್ಲು ಹಾಕಿದವನು ಯಾರೆಂದು ಅವರ ಮಾತು ತಿಳಿಸುವ ದುಬಾಷಿ ಗದರಿದ. ಪಕ್ಕದ ಮನೆಯ ಕಾಟಪ್ಪ ಮುಂದೆ ಬಂದ. ಬೊಮ್ಮಕ್ಕ ಮಗುವಿನ ಕುಲಾವಿಯ ಮೇಲೆ ಸೆರಗು ಎಳೆದುಕೊಂಡಳು. ಕೆಂಪಂಚು ಒಂದಿಷ್ಟು ಹೊರಗೇ ಉಳಿದಿತ್ತು; ಕಾಟಪ್ಪ ಅದನ್ನು ನೋಡಿದ.

“ಭರ್ಜಿ ಎಲ್ಲೋ?”

“ನನಗೇನು ಗೊತ್ತು ಸ್ವಾಮಿ? ಹುಲ್ಲು ಹಾಕಿ ಬಂದೆ, ಅಷ್ಟೇ.”

“ಹಾಗಾದರೆ ನೀನೇ ಕಳ್ಳ!”

ಅವನ ಕೈಗೆ ಹಗ್ಗ ಬಿತ್ತು. ‘ನಾನೇ ತಂದದ್ದು’ ಎಂಬ ಮಾತು ಬೊಮ್ಮಕ್ಕನ ನಾಲಿಗೆಯ ತುದಿಗೆ ಬಂತು, ಬಂದು ಅಲ್ಲೇ ಒಣಗಿತು. ಎಳೆದೊಯ್ಯುವಾಗ ಕಾಟಪ್ಪ ಒಮ್ಮೆ ತಿರುಗಿ, “ಅಕ್ಕಾ, ಮಗೀಗೆ ಬಿಸಿಲು ತಾಗ್ತದೆ, ಒಳಗೆ ಹೋಗು” ಎಂದ. ಬೊಮ್ಮಕ್ಕ ಒಳಗೆ ಹೋದಳು. ಅಯ್ಯೋ, ಹೋಗಿಯೇಬಿಟ್ಟಳು!

ಆಮೇಲೆ ಮಗುವನ್ನು ಎತ್ತಿಕೊಂಡಾಗಲೆಲ್ಲ ಅವಳಿಗೆ ಕಾಟಪ್ಪನ ದನಿಯೇ ಕೇಳುತ್ತಿತ್ತು. ಕಡೆಗೆ ಕುಲಾವಿಯನ್ನು ಮಡಿಲಲ್ಲಿಟ್ಟು, ಭರ್ಜಿಯನ್ನು ಹೆಗಲಿಗೇರಿಸಿ ದಂಡಿನ ಪಾಳೆಯಕ್ಕೆ ನಡೆದಳು. ಪಡೆ ಎತ್ತಲೋ ಹೊರಟುಹೋಗಿತ್ತು. ಕಾಟಪ್ಪನ ಸುಳಿವು ಹೇಳುವವರು ಒಬ್ಬರೂ ಇರಲಿಲ್ಲ. ತಿರುಗಿ ಬಂದವಳು ಹುಣಸೆಮರದ ಕೆಳಗೆ ಊರವರನ್ನು ಸೇರಿಸಿ, ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ಭರ್ಜಿಯನ್ನು ಅಲಗು ಹೊರಗಿರುವಂತೆ ಪೊಟರೆಗೆ ತುರುಕಿದಳು. ಕಾಟಪ್ಪನ ತಾಯಿ ಬೈಯಲಿಲ್ಲ, ಹೊಡೆಯಲಿಲ್ಲ. ಮಗುವನ್ನು ಎತ್ತಿಕೊಂಡು ಅದರ ಬರಿದಲೆಯನ್ನು ಸವರಿದಳು. ನಾಲ್ಕು ಬೈದಿದ್ದರೆ ಬೊಮ್ಮಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಬದುಕಿರುವವರೆಗೂ ಅವಳು ಆ ಮುದುಕಿಯ ಮನೆಗೆ ನೀರು ಹೊತ್ತಳು, ಆದರೂ ಮುಖವೆತ್ತಿ ಆಕೆಯನ್ನು ನೋಡಲಾಗಲಿಲ್ಲ ಎನ್ನುತ್ತಾರೆ.

ಈಗಲೂ ನೋಡಬಹುದು: ಕಂಕುಳಲ್ಲಿ ಕೂಸಿರುವ ಹೆಂಗಸರು ಆ ಮರದ ಹತ್ತಿರ ಬಂದರೆ, ಎಂಥ ಸುಡುಬಿಸಿಲಿದ್ದರೂ ಸೆರಗು ಸರಿಸಿ, ಕೂಸಿನ ಕುಲಾವಿಯನ್ನು ತೆಗೆದುಬಿಡುತ್ತಾರೆ. ಅಲಗಿನ ಕಡೆ ಮಗುವಿನ ತಲೆ ತೋರಿಸಿ, “ನೋಡು ಕಾಟಣ್ಣ, ಏನೂ ಮುಚ್ಚಿಟ್ಟಿಲ್ಲ” ಎನ್ನುತ್ತಾರೆ. ಮರದ ನೆರಳು ದಾಟಿದ ಮೇಲಷ್ಟೇ ಕುಲಾವಿ ಮತ್ತೆ ಕೂಸಿನ ತಲೆಗೇರುತ್ತದೆ.